‘ಬರೇ 24 ವೋಲ್ಟ್ ಅದಲ್ಲ ಸರ್’: ಸ್ಫೋಟದ ಅಪಾಯವಿರುವ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ ಮತ್ತು ಪೆಟ್ಟಿಗೆಯ ಆಯ್ಕೆ



ಕಳೆದ ರಂಜಾನ್ ತಿಂಗಳ ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಒಂದು ಫೋಟೊ ಬಂತು. ಕಳಿಸಿದವನು ನಮ್ಮ ಕಾಲೇಜಿನಲ್ಲೇ ವಿಜ್ಞಾನ ವಿಭಾಗದಲ್ಲಿ ಓದಿ, ಆಮೇಲೆ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ ಹುಡುಗ. ಊರು ಔರಾದ್ ತಾಲೂಕಿನ ಒಂದು ಹಳ್ಳಿ. ಈಗ ಸಾಲ್ವೆಂಟ್ ಬಳಸುವ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ಕೆಲಸ ಮಾಡುತ್ತಾನೆ. ಫೋಟೊದಲ್ಲಿ ಬೂದು ಬಣ್ಣದ, ದಪ್ಪ ಗೋಡೆಯ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಸುತ್ತಲೂ ಬೋಲ್ಟುಗಳು, ಆದರೆ ಮೂರು ಕಡೆ ಬರೀ ತೂತು. ಒಳಗೆ ಅರ್ಧ ಜಾಗ ಖಾಲಿ. ಪಕ್ಕದಲ್ಲಿ ನೆಲದ ಮೇಲೆ ಅಂಗೈಯಷ್ಟು ದೊಡ್ಡ ಹೊಸ ಟ್ರಾನ್ಸ್‌ಫಾರ್ಮರ್: 230 ವೋಲ್ಟ್‌ನಿಂದ 24 ವೋಲ್ಟ್, 150 ವಿಎ. ಕೆಳಗೆ ಧ್ವನಿ ಸಂದೇಶ:

“ಸರ್, ಈ ಟ್ರಾನ್ಸ್‌ಫಾರ್ಮರ್ ಈ ಬಾಕ್ಸಿನ್ಯಾಗ ಕೂಡಿಸು ಅಂತ ಸೂಪರ್‌ವೈಸರ್ ಹೇಳ್ಯಾರ. ಬಾಕ್ಸ್ ಎಫ್‌ಎಲ್‌ಪಿ ಅದ, ಜಾಗಾ ಅದ, ಬರೇ 24 ವೋಲ್ಟ್ ಅದಲ್ಲ ಸರ್. ಏನೂ ಆಗಂಗಿಲ್ಲಲ್ಲ?”

ನಾನು ಬರೆದದ್ದು ಇಷ್ಟೇ: “ಆ ಕೆಲಸ ಸದ್ಯ ಬಿಡು. ಇಫ್ತಾರ್ ಆದ ಮೇಲೆ ಫೋನ್ ಮಾಡು. ಮತ್ತ ಆ ಮೊಬೈಲ್ ಅಲ್ಲಿಂದ ಮೊದಲು ಹೊರಗ ತಗೊಂಡು ಹೋಗು.” ಸ್ಥಾವರ ದುರಸ್ತಿಗಾಗಿ ನಿಂತಿತ್ತಂತೆ. ಆದರೂ ಸಾಮಾನ್ಯ ಮೊಬೈಲ್ ಅಂಥ ಜಾಗದ ವಸ್ತುವಲ್ಲ.

ಅವನ ಪ್ರಶ್ನೆಯಲ್ಲಿ ಮೂರು ನಂಬಿಕೆಗಳಿವೆ: ಕಡಿಮೆ ವೋಲ್ಟೇಜ್ ಎಂದರೆ ಸುರಕ್ಷಿತ, ಎಫ್‌ಎಲ್‌ಪಿ ಪೆಟ್ಟಿಗೆ ಎಂದರೆ ಸುರಕ್ಷಿತ, ಜಾಗ ಇದ್ದರೆ ಏನು ಬೇಕಾದರೂ ಇಡಬಹುದು. ಮೂರೂ ತಪ್ಪು. ಅವನು ದಡ್ಡನಲ್ಲ, ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವನು. ನಾನೇ ಪಾಠದಲ್ಲಿ ಟ್ರಾನ್ಸ್‌ಫಾರ್ಮರ್‌ನ ಸುತ್ತುಗಳ ಅನುಪಾತ ಹೇಳಿ ಮುಂದೆ ಹೋಗಿದ್ದೆ. ಅದನ್ನು ಎಲ್ಲಿ ಇಡಬೇಕು, ಯಾವುದರೊಳಗೆ ಇಡಬೇಕು ಎಂದು ಹೇಳಿರಲಿಲ್ಲ. ಆ ಬಾಕಿಯನ್ನು ಈ ಲೇಖನದಲ್ಲಿ ತೀರಿಸುತ್ತೇನೆ.

ಇದು ನಮ್ಮ ಊರಿನ ವಿಷಯವೇ?

ಹೌದು. ಸ್ಫೋಟಕ್ಕೆ ಮೂರು ಬೇಕು: ಉರಿಯುವ ಆವಿ ಅಥವಾ ಪುಡಿ, ಗಾಳಿಯ ಆಮ್ಲಜನಕ, ಮತ್ತು ಒಂದು ಕಿಡಿ ಅಥವಾ ಬಿಸಿ ಮೇಲ್ಮೈ. ಮೊದಲನೆಯದು ನಮ್ಮ ಜಿಲ್ಲೆಯಲ್ಲಿ ಎಲ್ಲೆಲ್ಲಿ ಸಿಗುತ್ತದೆ ನೋಡಿ. ಬೀದರ್ ನಗರದ ಪಕ್ಕದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳಿವೆ. ಇಂಥ ಉದ್ಯಮದಲ್ಲಿ ಟಾಲ್ವೀನ್, ಅಸಿಟೋನ್, ಮೆಥನಾಲ್ ದಿನನಿತ್ಯದ ಮಾತು. ಭಾಲ್ಕಿ ಕಡೆಯಿಂದ ಬರುವ ನಿಮ್ಮಲ್ಲಿ ಹಲವರ ಮನೆಯವರು ಹುಂಜಿಯ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವವರು. ಬೀದರ್ ಸುತ್ತಲಿನವರಿಗೆ ಇಮಾಂಪುರದ ನಾರಂಜಾ ಕಾರ್ಖಾನೆ ಗೊತ್ತು. ಸಕ್ಕರೆ ಆದ ಮೇಲೆ ಉಳಿಯುವ ಕಾಕಂಬಿಯಿಂದ ಎಥೆನಾಲ್ ತೆಗೆಯುವ ಘಟಕಗಳು ದೇಶದಲ್ಲೆಲ್ಲ ಹೆಚ್ಚುತ್ತಿವೆ, ಏಕೆಂದರೆ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥೆನಾಲ್ ಬೆರೆಸಲಾಗುತ್ತಿದೆ. (ಮಾತು ಇಂಧನದ್ದು, ಕುಡಿಯುವುದರದ್ದಲ್ಲ!) ಗಡಿಯಾಚೆ ಲಾತೂರ್ ಕಡೆ ಸೋಯಾದಿಂದ ಎಣ್ಣೆ ತೆಗೆಯುವ ಘಟಕಗಳಿವೆ, ಆ ಕೆಲಸಕ್ಕೆ ಬಳಸುವುದು ಹೆಕ್ಸೇನ್. ಇನ್ನು ಔರಾದ್ ರಸ್ತೆಯ ಯಾವ ಪೆಟ್ರೋಲ್ ಬಂಕಿಗೆ ಹೋದರೂ ಪಂಪಿನ ಬುಡದಲ್ಲಿ ಆವಿ ಇದ್ದೇ ಇರುತ್ತದೆ. ಹಳ್ಳಿಮನೆಯ ಗೋಬರ್ ಗ್ಯಾಸ್ ಗುಂಡಿಯಲ್ಲಿ ಮೀಥೇನ್.

2018ರ ಡಿಸೆಂಬರ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಮುಧೋಳ ಬಳಿ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ತ್ಯಾಜ್ಯ ಸಂಸ್ಕರಣೆ ಘಟಕದಲ್ಲಿ ಸ್ಫೋಟವಾಗಿ 4 ಜನ ಸತ್ತರು. ಅದಕ್ಕೆ ವಿದ್ಯುತ್ತೇ ಕಾರಣ ಎಂದು ನಾನು ಹೇಳುತ್ತಿಲ್ಲ. ಇಂಥ ಘಟಕಗಳು ಎಷ್ಟು ಹತ್ತಿರದವು, ಅಲ್ಲಿ ದುಡಿಯುವವರು ನಮ್ಮಂಥವರೇ ಎಂದು ನೆನಪಿಸುತ್ತಿದ್ದೇನೆ.

ಆವಿ ಎಲ್ಲಿ ಸೇರುತ್ತದೆ ಎಂಬುದನ್ನು ನಿಮ್ಮ ರಸಾಯನಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಗಾಳಿಯ ಸರಾಸರಿ ಅಣುತೂಕ ಸುಮಾರು 29. ಎಥೆನಾಲ್‌ದು 46. 46ನ್ನು 29ರಿಂದ ಭಾಗಿಸಿದರೆ ಸುಮಾರು 1.6. ಅಂದರೆ ಎಥೆನಾಲ್ ಆವಿ ಗಾಳಿಗಿಂತ ಭಾರ. ಕೆಳಗೆ ಇಳಿದು ಕೇಬಲ್ ಹಾಯುವ ಕಾಲುವೆಯಲ್ಲಿ, ಚರಂಡಿಯಲ್ಲಿ ನೀರಿನಂತೆ ಹರಿದು ನಿಲ್ಲುತ್ತದೆ. ಮೀಥೇನ್ 16, ಅನುಪಾತ 0.55, ಅದು ಮೇಲೇರಿ ತಗಡಿನ ಛಾವಣಿ ಕೆಳಗೆ ಸೇರುತ್ತದೆ. ಹೀಗಾಗಿ ಒಂದು ಕಡೆ ಸ್ವಿಚ್ಚನ್ನು ಎತ್ತರದಲ್ಲಿಟ್ಟರೆ ಒಳ್ಳೆಯದು, ಇನ್ನೊಂದು ಕಡೆ ಅದೇ ಅಪಾಯ. ಎಥೆನಾಲ್ ಆವಿ ಗಾಳಿಯಲ್ಲಿ ಸುಮಾರು ಶೇಕಡಾ 3ರಿಂದ 19ರಷ್ಟಿದ್ದಾಗ ಹೊತ್ತಿಕೊಳ್ಳುತ್ತದೆ. ಕಡಿಮೆಯಾದರೆ ಇಂಧನ ಸಾಲದು, ಹೆಚ್ಚಾದರೆ ಆಮ್ಲಜನಕ ಸಾಲದು.

ಇಂಥ ಜಾಗಗಳನ್ನು ಎಂಜಿನಿಯರುಗಳು ಮೂರು ವಲಯಗಳಾಗಿ ವಿಂಗಡಿಸುತ್ತಾರೆ. ಸ್ಫೋಟಕ ಮಿಶ್ರಣ ಸದಾ ಅಥವಾ ಬಹುಕಾಲ ಇರುವ ಜಾಗ ವಲಯ 0, ಉದಾಹರಣೆಗೆ ಟ್ಯಾಂಕಿನ ಒಳಗೆ. ಸಾಮಾನ್ಯ ಕೆಲಸದ ವೇಳೆ ಆಗಾಗ ಬರಬಹುದಾದ ಜಾಗ ವಲಯ 1. ಸಾಮಾನ್ಯವಾಗಿ ಬಾರದ, ಬಂದರೂ ಸ್ವಲ್ಪ ಹೊತ್ತು ಇದ್ದು ಹೋಗುವ ಜಾಗ ವಲಯ 2. ಪುಡಿಗೆ ಇದೇ ಕ್ರಮದಲ್ಲಿ 20, 21, 22. ಯಾವ ಉಪಕರಣ ಕೊಳ್ಳಬೇಕು ಎಂಬ ಮಾತು ಶುರುವಾಗುವುದೇ ಈ ವಲಯದ ನಕ್ಷೆಯಿಂದ. ನಕ್ಷೆ ನೋಡದೆ ಅಂಗಡಿಗೆ ಹೋಗಿ ‘ಒಂದು ಎಫ್‌ಎಲ್‌ಪಿ ಕೊಡಿ’ ಎನ್ನುವುದು, ಡಾಕ್ಟರಿಗೆ ತೋರಿಸದೆ ‘ಒಂದು ಗುಳಿಗೆ ಕೊಡಿ’ ಎಂದಂತೆ.

24 ವೋಲ್ಟಿನ ಕಿಡಿ

ಈಗ ಅವನ ಮೊದಲ ನಂಬಿಕೆ. 24 ವೋಲ್ಟ್ ಮುಟ್ಟಿದರೆ ನಮಗೆ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಆವಿಗೆ ವೋಲ್ಟೇಜ್ ಗೊತ್ತಾಗುವುದಿಲ್ಲ, ಶಕ್ತಿ ಗೊತ್ತಾಗುತ್ತದೆ. ಮೀಥೇನ್-ಗಾಳಿ ಮಿಶ್ರಣವನ್ನು ಹೊತ್ತಿಸಲು ಸುಮಾರು 0.28 ಮಿಲಿಜೂಲ್ ಸಾಕು. ಹೈಡ್ರೋಜನ್‌ಗೆ 0.02 ಮಿಲಿಜೂಲ್.

ಆ ಟ್ರಾನ್ಸ್‌ಫಾರ್ಮರ್‌ನಿಂದ ಬಂದ 24 ವೋಲ್ಟನ್ನು ಡಿಸಿ ಮಾಡಿ ಹತ್ತು ವಾಲ್ವ್‌ಗಳ ಸುರುಳಿಗಳಿಗೆ ಕೊಡಬೇಕಿತ್ತು. ಒಂದು ಸುರುಳಿ 0.4 ಆಂಪಿಯರ್ ಎಳೆಯುತ್ತದೆ ಎನ್ನೋಣ. ಅದರ ಇಂಡಕ್ಟನ್ಸ್ 0.5 ಹೆನ್ರಿ ಎಂದು ಇಟ್ಟುಕೊಳ್ಳೋಣ. ಸುರುಳಿಯಲ್ಲಿ ಕೂಡಿಟ್ಟ ಶಕ್ತಿಯ ಸೂತ್ರ ನಿಮಗೆ ಬರುತ್ತದೆ: ಇಂಡಕ್ಟನ್ಸನ್ನು ಕರೆಂಟಿನ ವರ್ಗದಿಂದ ಗುಣಿಸಿ, ಅದರ ಅರ್ಧ. 0.5 × 0.5 × 0.16 = 0.04 ಜೂಲ್, ಅಂದರೆ 40 ಮಿಲಿಜೂಲ್. ಮೀಥೇನ್‌ಗೆ ಬೇಕಾದ್ದಕ್ಕಿಂತ 140 ಪಟ್ಟು ಹೆಚ್ಚು! ತಂತಿ ಸಡಿಲವಾಗಿ ಕರೆಂಟು ತಟ್ಟನೆ ನಿಂತರೆ, ಲೆಂಜ್ ನಿಯಮದಂತೆ ಸುರುಳಿ ಅದನ್ನು ವಿರೋಧಿಸುತ್ತದೆ. ತುದಿಗಳ ನಡುವೆ 24 ಅಲ್ಲ, ನೂರಾರು ವೋಲ್ಟ್ ಏಳುತ್ತದೆ, ಕಿಡಿ ಹಾರುತ್ತದೆ. ಎಲ್ಲ ಶಕ್ತಿಯೂ ಕಿಡಿಗೇ ಹೋಗುವುದಿಲ್ಲ. ಆದರೆ ನೂರರಲ್ಲಿ ಒಂದು ಪಾಲು ಹೋದರೂ ಸಾಕು.

ಈ ಪಾಠವನ್ನು ಜಗತ್ತು ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದೆ. 1913ರ ಅಕ್ಟೋಬರ್ 14ರಂದು ಬ್ರಿಟನ್ನಿನ ವೇಲ್ಸ್‌ನಲ್ಲಿ ಸೆಂಗೆನಿಡ್ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 439 ಗಣಿಗಾರರು ಸತ್ತರು, ರಕ್ಷಣೆಗೆ ಇಳಿದ ಒಬ್ಬನೂ ಸತ್ತ. ಗಣಿಯೊಳಗೆ ಸಂಕೇತ ಕೊಡಲು ಬ್ಯಾಟರಿಯ ಗಂಟೆಗಳಿದ್ದವು. ಬರಿ ತಂತಿಗಳನ್ನು ಒಂದಕ್ಕೊಂದು ತಾಗಿಸಿ ಗಂಟೆ ಬಾರಿಸುವ ಪದ್ಧತಿ. ಕಾರಣ ಪೂರ್ತಿ ಖಚಿತವಾಗಲಿಲ್ಲ, ಆದರೆ ಆ ಗಂಟೆಯ ತಂತಿಗಳ ಕಿಡಿಯ ಮೇಲೆ ಬಲವಾದ ಶಂಕೆ ಬಂತು. ಅಲ್ಲಿಯವರೆಗೆ ಎಲ್ಲರೂ ಹೇಳುತ್ತಿದ್ದದ್ದು ನಮ್ಮ ಹುಡುಗನ ಮಾತನ್ನೇ: ಬ್ಯಾಟರಿ ತಾನೆ, ಕಡಿಮೆ ವೋಲ್ಟೇಜ್ ತಾನೆ. ಆಮೇಲೆ ವೀಲರ್ ಮತ್ತು ಥಾರ್ನ್‌ಟನ್ ಎಂಬ ವಿಜ್ಞಾನಿಗಳು ಪ್ರಯೋಗ ಮಾಡಿ, ಗಂಟೆಯ ಸುರುಳಿಯಲ್ಲಿ ಕೂಡಿಟ್ಟ ಶಕ್ತಿಯೇ ಅನಿಲವನ್ನು ಹೊತ್ತಿಸಬಲ್ಲದು ಎಂದು ತೋರಿಸಿದರು. ಅಲ್ಲಿಂದ ಹುಟ್ಟಿದ್ದು ಇಂದು ‘ಎಕ್ಸ್ ಐ’ ಎಂದು ಗುರುತಿಸುವ ಪದ್ಧತಿ: ತಂತಿ ತುಂಡಾದರೂ, ತಾಗಿದರೂ ಹೊತ್ತಿಸುವಷ್ಟು ಶಕ್ತಿಯೇ ಅಪಾಯದ ಜಾಗಕ್ಕೆ ಹೋಗದಂತೆ, ಸುರಕ್ಷಿತ ಕೋಣೆಯಲ್ಲೇ ಜೀನರ್ ಡಯೋಡ್ ಮತ್ತು ರೆಸಿಸ್ಟರ್ ಹಾಕಿ ಕಟ್ಟಿಹಾಕುವುದು. ಜೀನರ್ ಡಯೋಡ್ ಬರೀ ಪರೀಕ್ಷೆಯ ಪ್ರಶ್ನೆಯಲ್ಲ.

ಪೆಟ್ಟಿಗೆ ಏನು ಮಾಡುತ್ತದೆ?

ಇದು ಈ ಪಾಠದ ತಿರುಳು. ತರಗತಿಯಲ್ಲಿ ಕೇಳಿದಾಗ ಹತ್ತರಲ್ಲಿ ಒಂಬತ್ತು ಜನ, ಸಿಬ್ಬಂದಿ ಕೋಣೆಯಲ್ಲಿ ಕೇಳಿದಾಗಲೂ ಹೆಚ್ಚಿನವರು, ಕೊಟ್ಟ ಉತ್ತರ ಒಂದೇ: ‘ಫ್ಲೇಮ್‌ಪ್ರೂಫ್ ಪೆಟ್ಟಿಗೆ ಅನಿಲವನ್ನು ಒಳಗೆ ಬಿಡುವುದಿಲ್ಲ.’

ಬಿಡುತ್ತದೆ. ಪೆಟ್ಟಿಗೆ ಹಗಲು ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮುಚ್ಚಳದ ಸಂದಿಯಿಂದ ಅದು ಉಸಿರಾಡುತ್ತದೆ ಎನ್ನಿ. ಆವಿಯೂ ಜೊತೆಗೆ ಬರುತ್ತದೆ. ಒಳಗಿನ ಸ್ವಿಚ್ಚು ಕಿಡಿ ಹಾರಿಸಿದರೆ ಒಳಗೆ ಸ್ಫೋಟವಾಗುತ್ತದೆ, ಆಗಲಿ ಎಂದೇ ಪೆಟ್ಟಿಗೆ ಮಾಡಿದ್ದು. ಅದರ ಕೆಲಸ ಎರಡು: ಆ ಒತ್ತಡಕ್ಕೆ ಒಡೆಯದೆ ನಿಲ್ಲುವುದು, ಮತ್ತು ಜ್ವಾಲೆ ಹೊರಗೆ ಬರದಂತೆ ನೋಡುವುದು. ಎರಡನೆಯದನ್ನು ಮಾಡುವುದು ಮುಚ್ಚಳದ ಸಂದಿ. ನಯವಾಗಿ ಕಡೆದ ಎರಡು ಅಗಲವಾದ ಲೋಹದ ಅಂಚುಗಳ ನಡುವಿನ ಕೂದಲೆಳೆಯ ಸಂದಿಯಲ್ಲಿ ಬಿಸಿ ಅನಿಲ ಹಾಯುವಾಗ, ಲೋಹ ಅದರ ಉಷ್ಣವನ್ನು ಹೀರುತ್ತದೆ. ಹೊರಗೆ ಬಂದಾಗ ಅದು ಹೊರಗಿನ ಆವಿಯನ್ನು ಹೊತ್ತಿಸಲಾರದಷ್ಟು ತಣ್ಣಗಾಗಿರುತ್ತದೆ. ಇದೇ ‘ಎಕ್ಸ್ ಡಿ’.

ನಂಬಿಕೆ ಬರದಿದ್ದರೆ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ, ಉಪನ್ಯಾಸಕರ ಎದುರಿಗೆ ಮಾತ್ರ, ಬರ್ನರ್ ಮೇಲೆ ತಂತಿ ಜಾಲರಿ ಹಿಡಿದು ಜಾಲರಿಯ ಮೇಲ್ಭಾಗದಲ್ಲಿ ಅನಿಲ ಹೊತ್ತಿಸಿ ನೋಡಿ. ಜ್ವಾಲೆ ಮೇಲೆಯೇ ಉರಿಯುತ್ತದೆ, ಜಾಲರಿ ತಣ್ಣಗಿರುವವರೆಗೆ ಕೆಳಗೆ ಇಳಿಯುವುದಿಲ್ಲ. 1815ರಲ್ಲಿ ಹಂಫ್ರಿ ಡೇವಿ ಗಣಿಗಾರರ ದೀಪ ಮಾಡಿದ್ದು ಇದೇ ತತ್ವದಿಂದ.

ಯಾವ ಅನಿಲದ ಜ್ವಾಲೆ ಎಷ್ಟು ಸಣ್ಣ ಸಂದಿಯಲ್ಲಿ ನುಸುಳುತ್ತದೆ ಎಂಬುದನ್ನು ಪ್ರಯೋಗದಿಂದ ಅಳೆದಿದ್ದಾರೆ. ಅದರ ಮೇಲೆ ಗುಂಪುಗಳು. ಸಿಂಗರೇಣಿಯಂಥ ಕಲ್ಲಿದ್ದಲ ಗಣಿಗಳು ಗುಂಪು 1. ಮೇಲಿನ ಕಾರ್ಖಾನೆಗಳು ಗುಂಪು 2; ಅದರಲ್ಲಿ 0.9 ಮಿಲಿಮೀಟರಿಗಿಂತ ದೊಡ್ಡ ಸಂದಿ ಬೇಕಾದ ಪ್ರೋಪೇನ್, ಟಾಲ್ವೀನ್, ಹೆಕ್ಸೇನ್ ಮುಂತಾದವು 2ಎ. 0.5ರಿಂದ 0.9ರವರೆಗಿನ ಎಥಿಲೀನ್ ಮುಂತಾದವು 2ಬಿ. ಇನ್ನೂ ಸಣ್ಣ ಸಂದಿಯಲ್ಲಿ ನುಗ್ಗುವ ಹೈಡ್ರೋಜನ್ ಮತ್ತು ಅಸಿಟಿಲೀನ್ 2ಸಿ. ಹೈಡ್ರೋಜನ್‌ದು 0.29 ಮಿಲಿಮೀಟರ್. 2ಸಿ ಪೆಟ್ಟಿಗೆಯನ್ನು 2ಎ ಜಾಗದಲ್ಲಿ ಬಳಸಬಹುದು, ಉಲ್ಟಾ ಆಗದು. ಎಥೆನಾಲ್ ಇಲ್ಲಿ ಒಂದು ತಮಾಷೆಯ ಪ್ರಕರಣ: ಅದರ ಅಳತೆ 0.89, ಗಡಿಯ ಮೇಲೆಯೇ ಕೂತಿದೆ. ಹಳೆಯ ಪಟ್ಟಿಗಳಲ್ಲಿ 2ಎ ಎಂದಿತ್ತು, ಹೊಸ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 2ಬಿ ಎಂದಿದೆ. ಹಳೆಯ ಕೈಪಿಡಿ ನೋಡಿ ಖರೀದಿ ಮಾಡುವವರು ಇದನ್ನು ಗಮನಿಸಬೇಕು. ನನ್ನನ್ನು ಕೇಳಿದರೆ ಡಿಸ್ಟಿಲರಿಗೆ 2ಬಿ ಕೊಳ್ಳುವುದೇ ಸರಿ.

ಪೆಟ್ಟಿಗೆಯ ರಕ್ಷಣೆ ಇರುವುದೇ ಆ ಸಂದಿಯಲ್ಲಿ ಎಂದು ತಿಳಿದ ಮೇಲೆ, ಕೆಲಸದ ಜಾಗದಲ್ಲಿ ನಡೆಯುವ ಎಷ್ಟೋ ‘ಒಳ್ಳೆಯ’ ಕೆಲಸಗಳು ಎಷ್ಟು ಅಪಾಯ ಎಂದು ನಿಮಗೇ ಹೊಳೆಯುತ್ತದೆ. ಮಳೆ ನೀರು ಹೋಗಬಾರದು ಎಂದು ಅಂಚಿಗೆ ರಬ್ಬರ್ ಪಟ್ಟಿ ಕೂಡಿಸುವುದು: ಈಗ ಲೋಹದ ನಡುವೆ ಅಂತರ ಹೆಚ್ಚಾಯಿತು, ರಬ್ಬರ್ ಹಾರಿಹೋದರೆ ಜ್ವಾಲೆಗೆ ಹೆಬ್ಬಾಗಿಲು. ಅಂಚಿಗೆ ಬಣ್ಣ ಬಳಿಯುವುದು, ತುಕ್ಕು ತೆಗೆಯಲು ಮರಳು ಕಾಗದದಿಂದ ಉಜ್ಜುವುದು, ಮುಚ್ಚಳವನ್ನು ಸ್ಕ್ರೂಡ್ರೈವರ್ ಹಾಕಿ ಮೀಟಿ ಅಂಚಿನಲ್ಲಿ ಗೀರು ಮಾಡುವುದು. ಮತ್ತು ಫೋಟೊದಲ್ಲಿ ಕಂಡಂತೆ, ಬೋಲ್ಟು ಬಿಡುವುದು. ಹನ್ನೆರಡರಲ್ಲಿ ಒಂಬತ್ತು ಇದ್ದರೆ ಮುಕ್ಕಾಲು ರಕ್ಷಣೆ ಇದೆ ಎಂದಲ್ಲ. ಬೋಲ್ಟಿಲ್ಲದ ಕಡೆ ಒತ್ತಡಕ್ಕೆ ಅಂಚು ಬಾಗಿ ಬಾಯಿ ತೆರೆಯುತ್ತದೆ, ರಕ್ಷಣೆ ಸೊನ್ನೆ. ಕೇಬಲ್ಲಿಗಾಗಿ ಹೊಸ ತೂತು ಕೊರೆಯುವುದಂತೂ ಮಾಡಲೇಬಾರದ ಕೆಲಸ. ಬಳಸದ ತೂತಿಗೆ ಎಂ-ಸೀಲ್ ಮೆತ್ತುವುದೂ ಅಷ್ಟೇ. ಅದಕ್ಕೆ ಪ್ರಮಾಣಪತ್ರ ಇರುವ ಲೋಹದ ಪ್ಲಗ್ಗೇ ಬೇಕು.

ಇನ್ನೊಂದು ಗೊಂದಲ ಐಪಿ ಸಂಖ್ಯೆಯದು. ಐಪಿ 65 ಎಂದರೆ ಪುಡಿ ಹೋಗದು, ನೀರಿನ ಚಿಲುಮೆಗೆ ಜಗ್ಗದು, ಅಷ್ಟೇ. ಒಳಗೆ ಸ್ಫೋಟವಾದರೆ ಅದು ಬಿಸ್ಕತ್ ಡಬ್ಬಿಯಂತೆ ಹಾರಿಹೋಗಬಹುದು. ಅಂಗಡಿಯವರು ‘ಐಪಿ 65 ಅದರೀ, ಎಲ್ಲಾ ಕಡೆ ನಡೀತದ’ ಎಂದರೆ ನಗುತ್ತಾ ಮುಂದಿನ ಅಂಗಡಿಗೆ ಹೋಗಿ.

ಪುಡಿ ಇರುವ ಕಡೆ ಮಾತ್ರ ಲೆಕ್ಕ ಬೇರೆ: ಅಲ್ಲಿ ಪುಡಿ ಒಳಹೋಗದಂತೆ ಮುಚ್ಚುವುದೇ ದಾರಿ (ಎಕ್ಸ್ ಟಿ), ಜೊತೆಗೆ ಪೆಟ್ಟಿಗೆಯ ಮೇಲೆ ಪುಡಿ ಕೂರದಂತೆ ಗುಡಿಸುವುದು. ದಾಲ್ ಮಿಲ್ಲು, ಹಿಟ್ಟಿನ ಗಿರಣಿ, ಸಕ್ಕರೆ ಚೀಲ ತುಂಬುವ ಜಾಗ, ಇವೆಲ್ಲ ಇದಕ್ಕೆ ಸೇರುತ್ತವೆ. ಸಕ್ಕರೆ ಸಿಡಿಯುತ್ತದೆಯೇ ಎಂದು ನಗಬೇಡಿ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾದಲ್ಲಿ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆ ಪುಡಿ ಸ್ಫೋಟಿಸಿ 14 ಜನ ಸತ್ತರು. ಅಲ್ಲಿ ಸಕ್ಕರೆ ಸಾಗಿಸುವ ಪಟ್ಟಿಗೆ ಕಸ ಬೀಳಬಾರದೆಂದು ಹಿಂದಿನ ವರ್ಷವಷ್ಟೇ ಉಕ್ಕಿನ ಹಾಳೆಗಳಿಂದ ಮುಚ್ಚಿದ್ದರು. ತೆರೆದಿದ್ದಾಗ ಚದುರಿ ಹೋಗುತ್ತಿದ್ದ ಪುಡಿ ಆ ಮುಚ್ಚಿದ ಜಾಗದಲ್ಲಿ ತುಂಬಿಕೊಂಡಿತು. ಮುಚ್ಚಿದರೆ ಸುರಕ್ಷಿತ ಎಂಬ ಭಾವನೆ ಎಲ್ಲ ಕಡೆ ನಡೆಯುವುದಿಲ್ಲ.

ಬಿಸಿಯ ಲೆಕ್ಕ, ಬೀದರಿನ ಬೇಸಿಗೆ

ಕಿಡಿ ಇಲ್ಲದಿದ್ದರೂ ಬಿಸಿ ಮೇಲ್ಮೈ ಸಾಕು. ಎಥೆನಾಲ್ ಆವಿ ತಾನಾಗಿ ಹೊತ್ತಿಕೊಳ್ಳುವುದು 360 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಹೆಕ್ಸೇನ್ ಸುಮಾರು 225ರಲ್ಲೇ. ಉಪಕರಣಗಳಿಗೆ ಟಿ1ರಿಂದ ಟಿ6ರವರೆಗೆ ದರ್ಜೆ ಇದೆ, ಮೇಲ್ಮೈ ಎಷ್ಟಕ್ಕಿಂತ ಹೆಚ್ಚು ಬಿಸಿಯಾಗದು ಎಂದು: 450, 300, 200, 135, 100, 85. ಎಥೆನಾಲ್‌ಗೆ ಟಿ2 ಸಾಕು. ಅದೇ ಟಿ2 ಪೆಟ್ಟಿಗೆಯನ್ನು ಸೋಯಾ ಎಣ್ಣೆ ಘಟಕಕ್ಕೆ ಒಯ್ದರೆ ಅದು 300 ಡಿಗ್ರಿಯವರೆಗೆ ಬಿಸಿಯಾಗಬಹುದು, ಹೆಕ್ಸೇನ್ ಅದಕ್ಕೂ ಮೊದಲೇ ಹೊತ್ತಿಕೊಳ್ಳುತ್ತದೆ. ಅಲ್ಲಿ ಟಿ3 ಬೇಕು. ಶುದ್ಧ ಮಾಡದ ಗೋಬರ್ ಗ್ಯಾಸಿಗೂ ಹಾಗೆಯೇ. ಮೀಥೇನ್ ಒಂದೇ ಆಗಿದ್ದರೆ ಟಿ1, 2ಎ ಸಾಕಾಗುತ್ತಿತ್ತು. ಆದರೆ ಅದರಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಆ ಅನಿಲ 2ಬಿ ಗುಂಪಿನದು, ಸುಮಾರು 260 ಡಿಗ್ರಿಯಲ್ಲೇ ಹೊತ್ತಿಕೊಳ್ಳುತ್ತದೆ.

ಈ ದರ್ಜೆಗಳನ್ನು ಸಾಮಾನ್ಯವಾಗಿ ಸುತ್ತಲಿನ ಉಷ್ಣತೆ 40 ಡಿಗ್ರಿ ಎಂದುಕೊಂಡು ಕೊಡುತ್ತಾರೆ. ಮೇ ತಿಂಗಳಲ್ಲಿ ಬೀದರಿನಲ್ಲಿ 40 ದಾಟುವ ದಿನಗಳಿವೆ, ತಗಡಿನ ಶೆಡ್ಡಿನೊಳಗೆ, ಭಟ್ಟಿಯ ಪಕ್ಕ, ಇನ್ನೂ ಹೆಚ್ಚು. ಒಂದು ಪೆಟ್ಟಿಗೆ ಸುತ್ತಲಿಗಿಂತ 90 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎನ್ನಿ. 40ಕ್ಕೆ 130, ಟಿ4ರ 135ರೊಳಗೆ ಇದೆ. ಶೆಡ್ಡಿನಲ್ಲಿ 48 ಇದ್ದರೆ 138, ಟಿ4 ಅಲ್ಲ. ಆದ್ದರಿಂದ ಹೆಸರುಫಲಕದಲ್ಲಿ ‘ಟಿಎ’ ಎಂದು ಬರೆದದ್ದನ್ನು ಹುಡುಕಿ ಓದಬೇಕು. ನಮ್ಮ ಕಡೆಗೆ 50 ಅಥವಾ 55 ಎಂದಿರುವುದನ್ನು ಕೇಳಿ ಪಡೆಯಬೇಕು.

ಈಗ ನಮ್ಮ ಹುಡುಗನ ಚಿಕ್ಕ ಟ್ರಾನ್ಸ್‌ಫಾರ್ಮರ್. 150 ವಿಎ, ದಕ್ಷತೆ 88 ಶೇಕಡಾ ಎಂದರೆ ಒಳಹೋಗುವುದು ಸುಮಾರು 170 ವ್ಯಾಟ್. 20 ವ್ಯಾಟ್ ಬಿಸಿಯಾಗಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಹಗಲೂ ರಾತ್ರಿ. ಆ ಪೆಟ್ಟಿಗೆಗೆ ಗಾಳಿಯ ಕಿಂಡಿ ಇಲ್ಲ. ಪ್ರಮಾಣಪತ್ರ ಕೊಡುವಾಗ ಈ 20 ವ್ಯಾಟ್ ಲೆಕ್ಕದಲ್ಲಿರಲಿಲ್ಲ. ಖಾಲಿ ಪೆಟ್ಟಿಗೆಯನ್ನಲ್ಲ, ಒಳಗಿನ ಸಾಮಾನಿನೊಂದಿಗೆ ಪೆಟ್ಟಿಗೆಯನ್ನು ಪರೀಕ್ಷಿಸುತ್ತಾರೆ. ಧನಬಾದ್‌ನ ಸಿಂಫರ್‌ನಂಥ ಪ್ರಯೋಗಾಲಯದಲ್ಲಿ ಪೆಟ್ಟಿಗೆಯ ಒಳಗೂ ಹೊರಗೂ ಅನಿಲ ತುಂಬಿ, ಒಳಗೆ ಕಿಡಿ ಹಾರಿಸಿ, ಹೊರಗಿನದು ಹೊತ್ತಿಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಆ ವರದಿಯ ಮೇಲೆ, ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ ಪೆಟ್ರೋಲಿಯಂ ಜಾಗಗಳಿಗೆ ಅನುಮೋದನೆ ಕೊಡುತ್ತದೆ.

ಒಳಗೆ ಹೊಸದೇನಾದರೂ ಇಟ್ಟರೆ ಬಿಸಿಗಿಂತ ಕೆಟ್ಟದ್ದು ಒಂದಿದೆ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಎರಡು ಕೋಣೆಯಂತೆ ಭಾಗ ಮಾಡಿ ನಡುವೆ ಕಿರಿದಾದ ದಾರಿ ಉಳಿಸಿತು ಎನ್ನಿ. ಮೊದಲ ಭಾಗದಲ್ಲಿ ಹೊತ್ತಿದ ಅನಿಲ ಹಿಗ್ಗಿ ಎರಡನೇ ಭಾಗದ ಅನಿಲವನ್ನು ಹೊತ್ತಿಕೊಳ್ಳುವ ಮೊದಲೇ ಒತ್ತುತ್ತದೆ. ಸಾಮಾನ್ಯವಾಗಿ ಮುಚ್ಚಿದ ಜಾಗದ ಸ್ಫೋಟದಲ್ಲಿ ಒತ್ತಡ ಸುಮಾರು ಎಂಟು ಪಟ್ಟಾಗುತ್ತದೆ. ಮೊದಲೇ ಮೂರು ಪಟ್ಟು ಒತ್ತಿದ ಅನಿಲ ಹೊತ್ತಿದರೆ ಎಂಟು ಮೂರಲೆ ಇಪ್ಪತ್ತನಾಲ್ಕು. ಪೆಟ್ಟಿಗೆಯನ್ನು ಅಷ್ಟಕ್ಕೆ ಮಾಡಿರುವುದಿಲ್ಲ.

ಹಾಗಾದರೆ ಟ್ರಾನ್ಸ್‌ಫಾರ್ಮರ್ ಎಲ್ಲಿ?

ಹೊರಗೆ. ಆಯ್ಕೆಯ ಮೊದಲ ನಿಯಮ ಇದು: ಅಪಾಯದ ವಲಯದಲ್ಲಿ ಇಡಲೇಬೇಕಾದ್ದನ್ನು ಮಾತ್ರ ಇಡಿ. ಅತಿ ಒಳ್ಳೆಯ ಫ್ಲೇಮ್‌ಪ್ರೂಫ್ ಪೆಟ್ಟಿಗೆಗಿಂತ ಒಂದು ಗೋಡೆ ಮತ್ತು ನೂರು ಅಡಿ ದೂರ ಅಗ್ಗ, ಕೆಡುವುದೂ ಇಲ್ಲ.

ದೊಡ್ಡ ಟಿಸಿ, ಅಂದರೆ ಜೆಸ್ಕಾಂ ಲೈನಿನಿಂದ 11,000 ವೋಲ್ಟ್ ತೆಗೆದುಕೊಂಡು 433 ವೋಲ್ಟ್ ಕೊಡುವಂಥದ್ದು, ವಲಯದಿಂದ ಹೊರಗೇ ಇರಬೇಕು. ದೂರವಿಟ್ಟರೆ ನಷ್ಟವೂ ಇದೆ. 500 ಕೆವಿಎ ಟಿಸಿಗೆ 11 ಕೆವಿ ಕಡೆ ಸುಮಾರು 26 ಆಂಪಿಯರ್, 433 ವೋಲ್ಟ್ ಕಡೆ ಸುಮಾರು 667 ಆಂಪಿಯರ್. ಅಷ್ಟು ಕರೆಂಟನ್ನು ದೂರ ಒಯ್ಯಲು ದಪ್ಪ ಕೇಬಲ್ ಬೇಕು, ನಷ್ಟ ಕರೆಂಟಿನ ವರ್ಗಕ್ಕೆ ಅನುಗುಣ. ಹಾಗಾಗಿ ಮಾಲೀಕರು ಟಿಸಿಯನ್ನು ಘಟಕಕ್ಕೆ ಅಂಟಿಸಿ ಇಡಲು ಬಯಸುತ್ತಾರೆ. ಎಣ್ಣೆಯ ಟಿಸಿಯಲ್ಲಿರುವ ಖನಿಜ ತೈಲ 140 ಡಿಗ್ರಿ ದಾಟಿದರೆ ಹೊತ್ತಿಕೊಳ್ಳುವ ಆವಿ ಕೊಡಬಹುದು. ಒಳಗೆ ದೋಷವಾಗಿ ಕಿಡಿ ಎದ್ದರೆ ಎಣ್ಣೆ ಒಡೆದು ಹೈಡ್ರೋಜನ್, ಅಸಿಟಿಲೀನ್ ಹುಟ್ಟುತ್ತವೆ. ಅತಿ ಅಪಾಯದ 2ಸಿ ಗುಂಪಿನ ಅನಿಲಗಳನ್ನು ಟಿಸಿ ತಾನೇ ತಯಾರಿಸುತ್ತದೆ! ಕಟ್ಟಡದ ಹತ್ತಿರ ಇಡುವುದು ಅನಿವಾರ್ಯವಾದರೆ 300 ಡಿಗ್ರಿ ಮೇಲೆ ಮಾತ್ರ ಉರಿಯುವ ಎಸ್ಟರ್ ದ್ರವದ್ದು, ಅಥವಾ ಎಣ್ಣೆಯೇ ಇಲ್ಲದ ರಾಳದಲ್ಲಿ ಎರಕ ಹೊಯ್ದ ಒಣ ಟ್ರಾನ್ಸ್‌ಫಾರ್ಮರ್ ಮೇಲು. ಆದರೆ ಒಣ ಎಂದ ಮಾತ್ರಕ್ಕೆ ಅದನ್ನು ವಲಯ 1ರೊಳಗೆ ತರಬಹುದು ಎಂದಲ್ಲ. ಕಿಂಡಿಗಳಿರುವ ಒಣ ಟ್ರಾನ್ಸ್‌ಫಾರ್ಮರ್ ದಾಲ್ ಮಿಲ್ಲಿನಲ್ಲಿ ವರ್ಷದೊಳಗೆ ಪುಡಿಯ ಗೂಡಾಗುತ್ತದೆ.

ಚಿಕ್ಕ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್‌ನ ಜಾಗ ಪ್ಯಾನಲ್ ಕೋಣೆ. ಅಲ್ಲಿಂದ 24 ವೋಲ್ಟನ್ನು ಒಯ್ಯಲು ಆಗುತ್ತದೆಯೇ ಎಂದು ಅವನ ಜೊತೆ ಫೋನಿನಲ್ಲೇ ಲೆಕ್ಕ ಮಾಡಿದೆ. ದೂರ 80 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಕಿಲೋಮೀಟರಿಗೆ 12.1 ಓಮ್. ಹೋಗಿ ಬರುವ 160 ಮೀಟರಿಗೆ ಸುಮಾರು 1.94 ಓಮ್. ಹತ್ತು ವಾಲ್ವ್‌ಗಳನ್ನು ಒಂದೇ ಜೋಡಿ ತಂತಿಯಲ್ಲಿ ಒಯ್ದರೆ 4 ಆಂಪಿಯರ್, ದಾರಿಯಲ್ಲೇ 7.8 ವೋಲ್ಟ್ ಹೋಗುತ್ತದೆ, ವಾಲ್ವ್ ಏಳುವುದಿಲ್ಲ. ಪ್ರತಿ ವಾಲ್ವ್‌ಗೆ ಬೇರೆ ಜೋಡಿ ಒಯ್ದರೆ 0.4 ಆಂಪಿಯರ್, ನಷ್ಟ 0.8 ವೋಲ್ಟ್ ಮಾತ್ರ. ಬಹುಜೋಡಿ ಕೇಬಲ್ ಒಂದಿದ್ದರೆ ಕೆಲಸ ಮುಗಿಯಿತು. ಒಳಗೆ ಉಳಿಯುವುದು ತಂತಿ ಜೋಡಿಸುವ ಪೆಟ್ಟಿಗೆ ಮಾತ್ರ. ಅಲ್ಲಿ ಕಿಡಿ ಹಾರಿಸುವ ಭಾಗ ಇಲ್ಲದ್ದರಿಂದ, ತಂತಿ ಸಡಿಲವಾಗದಂಥ ಟರ್ಮಿನಲ್ಲಿನ ‘ಎಕ್ಸ್ ಇ’ ಪೆಟ್ಟಿಗೆ ಸಾಕು. ವಾಲ್ವ್‌ನ ಸುರುಳಿ ರಾಳದಲ್ಲಿ ಮುಳುಗಿಸಿದ ‘ಎಕ್ಸ್ ಎಂ’ ಆಗಿರಬೇಕು.

ಮರುದಿನ ಅವನು ಇದನ್ನೆಲ್ಲ ಸೂಪರ್‌ವೈಸರಿಗೆ ಹೇಳಿದ. “ನಿಮ್ಮ ಸರ್ ಬಂದು ಮಾಡ್ತಾರೇನು?” ಎಂದು ಬೈಸಿಕೊಂಡ. ಎರಡು ದಿನ ಅವನನ್ನು ಪೈಪಿಗೆ ಬಣ್ಣ ಹೊಡೆಯಲು ಕಳಿಸಿದರಂತೆ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ; ನಾನು ಹೇಳಿದ್ದರಿಂದ ಅವನ ಕೆಲಸ ಹೋಗುತ್ತದೇನೋ ಎಂದು ಆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೇ ದಿನ ಕಂಪನಿಯ ಎಂಜಿನಿಯರ್ ಬಂದು, ಪೆಟ್ಟಿಗೆಯ ಪ್ರಮಾಣಪತ್ರ ತರಿಸಿ ನೋಡಿ, ಟ್ರಾನ್ಸ್‌ಫಾರ್ಮರನ್ನು ಪ್ಯಾನಲ್ ಕೋಣೆಯಲ್ಲೇ ಕೂಡಿಸಿ ಎಂದರು. ಸಂಜೆ ಇನ್ನೊಂದು ಸಂದೇಶ ಬಂತು, ಈ ಸಲ ಫೋಟೊ ಇಲ್ಲದೆ: “ಸರ್, ಮೂರೂ ಬೋಲ್ಟ್ ಹಾಕಿದ್ದೀವಿ. ಆದರ ಪಂಪಿನ ಕಡೆ ಇನ್ನ ನಾಲ್ಕು ಬಾಕ್ಸಿನ್ಯಾಗ ಬೋಲ್ಟ್ ಇಲ್ಲ. ಅದೂ ಹೇಳಲೇನು?”

ಹೇಳು ಎಂದೆ.

ನಿಮಗೊಂದು ಅಭ್ಯಾಸ. ಒಂದು ಪೆಟ್ಟಿಗೆಯ ಹೆಸರುಫಲಕ ಹೀಗಿದೆ: ಎಕ್ಸ್ ಡಿ, 2ಎ, ಟಿ2, ಐಪಿ 66, ಟಿಎ 40 ಡಿಗ್ರಿವರೆಗೆ. ಇದನ್ನು (ಅ) ಎಥೆನಾಲ್ ಪಂಪಿನ ಬಳಿ, (ಆ) ಹೆಕ್ಸೇನ್ ಬಳಸುವ ಘಟಕದಲ್ಲಿ, (ಇ) ಗೋಬರ್ ಗ್ಯಾಸ್ ಗುಂಡಿಯ ಪಕ್ಕ, (ಈ) ಮೇ ತಿಂಗಳಲ್ಲಿ 46 ಡಿಗ್ರಿ ಇರುವ ತಗಡಿನ ಶೆಡ್ಡಿನಲ್ಲಿಟ್ಟ ಟಾಲ್ವೀನ್ ಟ್ಯಾಂಕಿನ ಬಳಿ ಬಳಸಬಹುದೇ? ಪ್ರತಿಯೊಂದಕ್ಕೂ ಹೌದು ಅಥವಾ ಅಲ್ಲ ಎಂದರೆ ಸಾಲದು, ಫಲಕದ ಯಾವ ಅಕ್ಷರ ಅಥವಾ ಸಂಖ್ಯೆಯಿಂದ ಆ ತೀರ್ಮಾನಕ್ಕೆ ಬಂದಿರಿ ಎಂದು ಬರೆದು ಭೌತಶಾಸ್ತ್ರ ವಿಭಾಗದಲ್ಲಿ ನನ್ನ ಟೇಬಲ್ ಮೇಲೆ ಇಡಿ. ಪೆಟ್ರೋಲ್ ಬಂಕಿನ ಪಂಪಿಗೆ ಅಂಟಿಸಿದ ಫಲಕ ಓದಿ ಬರೆದು ತಂದವರಿಗೆ ಹೆಚ್ಚಿನ ಅಂಕ. ಅಲ್ಲಿಯೂ ಫೋಟೊ ಬೇಡ, ಕಾಗದ ಪೆನ್ಸಿಲ್ ಒಯ್ಯಿರಿ.